ಹೀರೇಬಳ್ಳಿಯ ಹೆಡೆ

ಮಸ್ಕಿಯ ನಮ್ಮ ಮನೆಯ ಮುಂದೆ, ಹಳೇ ಎಣ್ಣೆ ಡಬ್ಬಿಯಲ್ಲಿ ನಾನು ಹಾಕಿದ್ದ ಹೀರೇಬಳ್ಳಿ ಆ ವರ್ಷ ದಾರಿ ತಪ್ಪಿತು. ಎಲ್ಲ ಬಳ್ಳಿಗಳಂತೆ ದುಂಡಗೆ ಬೆಳೆಯುತ್ತಿದ್ದದ್ದು, ಕಿಟಕಿಯ ಸರಳು ಹಿಡಿದ ಮೇಲೆ ಚಪ್ಪಟೆಯಾಗಿ ರಿಬ್ಬನ್ನಿನಂತಾಯಿತು. ತುದಿ ಇನ್ನಷ್ಟು ಅಗಲವಾಗಿ ಮುಂದಕ್ಕೆ ಬಾಗಿತು. ಸಣ್ಣ ಸಣ್ಣ ಎಲೆಗಳು ಅದರ ಮೇಲೆ ಒತ್ತೊತ್ತಾಗಿ ಕುಳಿತಿದ್ದವು. ನಾಗರಪಂಚಮಿ ಬೇರೆ ಹತ್ತಿರ ಬಂದಿತ್ತು.

ಅದನ್ನು ಮೊದಲು ಗುರುತಿಸಿದ್ದು ಪಕ್ಕದ ಮನೆಯ ಚಿಕ್ಕವ್ವ. ಸಂಬಂಧದಲ್ಲಿ ಏನೂ ಅಲ್ಲ, ಇಡೀ ಓಣಿಗೆ ಅವಳು ಚಿಕ್ಕವ್ವ.

“ಇದು ಬಳ್ಳಿ ಅಲ್ಲಬೇ, ನಾಗಪ್ಪ ಹೆಡಿ ಎತ್ಯಾನ. ತಾನಾಗೇ ನಿಮ್ಮ ಮನಿ ಹುಡಿಕ್ಕೊಂಡು ಬಂದಾನ.”

“ನಾ ಪಲ್ಯಕ್ಕಂತ ಹಾಕಿದ್ದು, ಚಿಕ್ಕವ್ವ.”

“ನೀ ಯಾತಕ್ಕ ಹಾಕೀದಿ ಅಂತ ಅಂವಗೇನು ಗೊತ್ತು?”

ಹಾಗೆಂದು ಅವಳೇ ಕುಂಕುಮ ಹಚ್ಚಿದಳು. ನಾನೂ ಕೈ ಮುಗಿದೆ. ದೇವರ ವಿಷಯದಲ್ಲಿ ಮೊದಲು ಕೈ ಮುಗಿದು ಆಮೇಲೆ ವಿಚಾರಿಸುವುದು ನನ್ನ ರೂಢಿ.

ಸಂಜೆ ಸಿಂಧನೂರಿನ ಬಸ್ಸಿಗೆ ನನ್ನ ಮಗಳು ಬಂದಳು. ದಿನಾ ಹೋಗಿಬಂದು ಅಲ್ಲಿನ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದುತ್ತಿದ್ದಳು. ಹಿಂದಿನ ವರ್ಷ ಕಾಲೇಜಿನ ವಿಜ್ಞಾನ ಪ್ರದರ್ಶನಕ್ಕೆ ಥರ್ಮೋಕೋಲಿನ ಹೂವು ಮಾಡಿಕೊಂಡು ಹೊರಟಿದ್ದಳು. ಬಸ್ಸಿನಲ್ಲಿ ಯಾರೋ ಅದರ ಮೇಲೆ ಕುಳಿತುಬಿಟ್ಟಿದ್ದರಿಂದ, ಪಾಪ, ಎಲ್ಲರೆದುರು ಬರಿಗೈಯಲ್ಲಿ ನಿಂತು ಬಂದಿದ್ದಳು. ಈ ಸಲ ಏನು ಒಯ್ಯುವುದೆಂದು ಅವಳಿಗೆ ನಿದ್ದೆ ಇರಲಿಲ್ಲ. ಬಳ್ಳಿ ಕಂಡದ್ದೇ ಚಪ್ಪಲಿ ಕಳಚುವುದನ್ನೂ ಮರೆತಳು.

“ಅವ್ವ, ಈ ತುದಿ ನನಗ ಬೇಕು. ಕೊಯ್ದು ಸೂಕ್ಷ್ಮದರ್ಶಕದಾಗ ಇಟ್ಟು ತೋರಸ್ತೀನಿ.”

ನಾನು ಶೇಂಗಾ ಉಂಡಿ ಕಟ್ಟುತ್ತಿದ್ದೆ. ಅವಳು ಎದುರಿಗೆ ಕುಳಿತು ಹೇಳಿದಳು: “ಬಳ್ಳಿ ತುದಿಯೊಳಗ ಕಾಂಡಕೋಶ ಅಂತ ಇರ್ತಾವ. ಅವು ಮುಪ್ಪಾಗಂಗಿಲ್ಲ. ಅವು ಒಡದು ಒಡದು ಎಲಿ, ದಂಟು, ಹೂವು ಎಲ್ಲಾ ಆಗತಾವ. ಅವುಕಿಂತ ಕೆಳಗಿನ ಕೋಶಗಳು ‘ಎಳೇವಾಗೇ ಇರ್ರಿ, ಹೆಚ್ಚಾಗ್ರಿ’ ಅಂತಾವ. ಮ್ಯಾಲಿನವು ‘ಸಾಕು’ ಅಂತ ವಾಪಸ್ ಹೇಳತಾವ.”

ನನಗೆ ಚಿಕ್ಕವ್ವ ಹೋಳಿಗೆ ಬಡಿಸುವುದು ಕಣ್ಣ ಮುಂದೆ ಬಂತು. ಉಣ್ಣುವವರು ತಾಟಿನ ಮೇಲೆ ಕೈ ಅಡ್ಡ ಹಿಡಿದರಷ್ಟೇ ಉಳಿಯುತ್ತಾರೆ.

“ಮ್ಯಾಲಿನವು ಸಾಕು ಅನ್ನದಿದ್ರ?”

“ಹಿಂಗ ಅಗಲ ಆಗತೈತಿ. ಇದಕ್ಕ ಹಂಗೇ ಆಗೈತಿ ಅಂತ ಹೇಳಾಕ ಬರಂಗಿಲ್ಲ. ಹುಳದಿಂದ, ಪೆಟ್ಟಿನಿಂದಾನೂ ಆಗಿರಬೌದು. ಕೊಯ್ದು ನೋಡಬೇಕು.”

ಕೊಯ್ಯುವ ಮಾತು ಗೋಡೆ ದಾಟಿತು. ಚಿಕ್ಕವ್ವ ಬಾಗಿಲಲ್ಲಿ ನಿಂತಿದ್ದಳು. “ಪಂಚಮಿ ಎದುರಿಗೆ ಇಟಗೊಂಡು ಹೆಡಿ ಕೊಯ್ತಾಳಂತ. ಕಾಲೇಜಿನಾಗ ಇದನ್ನೇನು ಕಲಸ್ತಾರ?”

ಒಂದು ಕಡೆ ದೇವರು, ಇನ್ನೊಂದು ಕಡೆ ಹೆತ್ತ ಕೂಸು. ಪಂಚಮಿ ಮುಗಿದ ಮರುದಿನ ಕೊಯ್ಯುವುದೆಂದು ನಾನು ರಾಜಿ ಮಾಡಿದೆ. ಇಬ್ಬರೂ ಮುಖ ಊದಿಸಿಕೊಂಡು ಒಪ್ಪಿದರು.

ಪಂಚಮಿಯ ದಿನ ಓಣಿಯ ಹೆಂಗಸರು ಹುತ್ತಕ್ಕೆ ಹೋಗುವ ಮೊದಲು ನಮ್ಮ ಡಬ್ಬಿಯ ಮುಂದೆ ನಿಂತರು. ಮನೆಯವರ ಹೆಸರಲ್ಲಿ ಒಬ್ಬೊಬ್ಬರ ಪಾಲಿನ ಹಾಲು ಎರೆಯುವುದು ನಮ್ಮ ಕಡೆಯ ಪದ್ಧತಿ. ಬೇರು ಕೊಳೆತೀತು, ಹತ್ತಿ ಅದ್ದಿ ಹನಿ ಹನಿ ಹಾಕಿರೆಂದು ಬೇಡಿಕೊಂಡೆ. ಹನಿಯೇನೋ ಸಣ್ಣದು, ಚಿಕ್ಕವ್ವನ ಬಳಗ ದೊಡ್ಡದು. “ಅಪ್ಪನ ಪಾಲು, ಅವ್ವನ ಪಾಲು, ಸಂತೆಕಲ್ಲೂರು ಅಕ್ಕನ ಪಾಲು, ಲಿಂಗಸುಗೂರು ಅಳಿಯನ ಪಾಲು, ಅವನ ಆಟೋದ ಪಾಲು.”

ಆಮೇಲೆ ಎಲ್ಲರನ್ನೂ ಒಳಗೆ ಕರೆದು ಹುರಿದ ಜೋಳದ ಅಳ್ಳು, ಉಂಡಿ ಕೊಟ್ಟೆ. ಹೊರಗೆ ಬಂದಾಗ ಚಿಕ್ಕವ್ವನ ಆಡು ಮುಂಗಾಲೆರಡನ್ನೂ ಕಿಟಕಿಗೆ ಊರಿ ನಿಂತಿತ್ತು. ತುಟಿಯೆಲ್ಲ ಕುಂಕುಮ. ಬಾಯಿಂದ ಹೂವಿನ ದಾರ ಜೋತಾಡುತ್ತಿತ್ತು. ಹೆಡೆ ಇರಲಿಲ್ಲ. ಪೂಜೆಯ ಅವಸರದಲ್ಲಿ ಆಡು ಕಟ್ಟುವುದನ್ನು ಅವಳು ಮರೆತಿದ್ದಳು.

ಎಲ್ಲರೂ ಚಿಕ್ಕವ್ವನನ್ನೇ ನೋಡಿದರು. ಅವಳು ಸೆರಗು ಸರಿ ಮಾಡಿಕೊಂಡಳು. “ತಾನಾಗೇ ಬಂದಿದ್ದ, ತಾನಾಗೇ ಹ್ವಾದ.”

“ಆಡಿನ ಪಾಲಿಗೆ ಹ್ವಾದ,” ಎಂದ ಮಗಳು ಹೊಸ್ತಿಲ ಮೇಲೆ ಕುಸಿದು, ಮಂಡಿಯಲ್ಲಿ ಮುಖ ಇಟ್ಟು ಅತ್ತಳು. ಉಳಿದವರಿಗೆ ನಗು ತಡೆಯುವುದೇ ಕಷ್ಟವಾಗಿತ್ತು.

ಚಿಕ್ಕವ್ವನಿಗೆ ಹೊಸ ತೊಡಕು ಹತ್ತಿತು. ನಾಗಪ್ಪ ಹೊಟ್ಟೆಯಲ್ಲಿರುವ ಆಡನ್ನು ಬೈಯುವಂತಿಲ್ಲ, ಹೊಡೆಯುವಂತಿಲ್ಲ. ದಿನಾ ಅದರ ಹಣೆಗೆ ಕುಂಕುಮ ಹಚ್ಚತೊಡಗಿದಳು, ಅದು ದಿನಾ ಅವಳ ಸೀರೆಗೆ ಒರೆಸತೊಡಗಿತು.

ನಾನು ಬಳ್ಳಿಗೆ ನೀರು ಹಾಕುವುದು ಬಿಡಲಿಲ್ಲ. ದೇವರ ದಯೆ, ಅಷ್ಟು ಜನರ ಪಾಲು ಕುಡಿದರೂ ಬೇರು ಕೊಳೆತಿರಲಿಲ್ಲ. ಒಂದು ಮುಂಜಾನೆ ಎಲೆಯ ಬಗಲಲ್ಲಿ ಹಸಿರು ಚಿಗುರು ಕಂಡಿತು. ಮಗಳನ್ನು ಎಬ್ಬಿಸಿದೆ.

ಅವಳು ಮೂಗು ಹತ್ತುವಷ್ಟು ಬಾಗಿ ನೋಡಿದಳು. “ತುದಿ ಇರೋತನಕ ಕೆಳಗಿನ ಮೊಗ್ಗಿಗೆ ಸುಮ್ಮಕಿರ್ರಿ ಅಂತಿತ್ತವ್ವ. ಇವುರೊಳಗೂ ಕಾಂಡಕೋಶ ಇರ್ತಾವ. ಈಗ ದೊಡ್ಡದು ಹ್ವಾತು, ಇವುಕ್ಕ ಅಪ್ಪಣಿ ಸಿಕ್ಕೈತಿ.”

“ಚಪ್ಪಟಿ ಬರ್ತಾವೋ, ದುಂಡಗೋ?”

“ಗೊತ್ತಿಲ್ಲ.”

ಚಿಕ್ಕವ್ವ ಹೆಡೆ ಬರಲೆಂದು ಬೇಡಿಕೊಂಡಳು. ನಾನು ಕಾಯಿ ಬರಲೆಂದು ಬೇಡಿಕೊಂಡೆ. ಚಿಗುರು ದುಂಡಗೇ ಬಂತು. ಮಗಳ ಮುಖ ಅರಳಿತು. ಕೆಳಗೆ ದುಂಡು, ನಡುವೆ ರಿಬ್ಬನ್ನು, ಮೇಲೆ ಆಡಿನ ಹಲ್ಲಿನ ಗುರುತು, ಪಕ್ಕಕ್ಕೆ ಮತ್ತೆ ದುಂಡು. ತುದಿ ಕೊಯ್ದು ಒಯ್ದಿದ್ದರೆ ಇಷ್ಟೆಲ್ಲ ಎಲ್ಲಿ ಕಾಣುತ್ತಿತ್ತು? ಡಬ್ಬಿಯನ್ನೇ ಒಯ್ಯುವುದೆಂದಾಯಿತು.

ಪ್ರದರ್ಶನದ ದಿನ ಕಾವಲಿಗೆ ನಾನೂ ಬಸ್ಸು ಹತ್ತಿದೆ. ಸೀಟು ಸಿಕ್ಕಿತು, ಅದೂ ಒಂದು ದಯೆ. ಡಬ್ಬಿಯನ್ನು ಸೀಟಿನ ಮೇಲಿಟ್ಟು ನಾವಿಬ್ಬರೂ ನಿಂತೆವು.

“ಇದ್ಯಾಕ್ರೀ ಯವ್ವಾ, ಬಳ್ಳಿ ಕುಂದ್ರಿಸಿ ನೀವು ನಿಂತೀರಿ?” ಎಂದ ಕಂಡಕ್ಟರ್.

“ಹ್ವಾದ ವರ್ಷ ಇದರ ಅಕ್ಕನ ಮ್ಯಾಲ ಒಬ್ಬರು ಕುಂತಿದ್ರಪ್ಪ,” ಎಂದೆ.

ಕಾಲೇಜಿನಲ್ಲಿ ಮೇಷ್ಟ್ರು ಬಳ್ಳಿಯ ಸುತ್ತ ತಿರುಗಿ, “ತುದಿ ಯಾರು ಕತ್ತರಿಸಿದ್ದು?” ಎಂದರು.

“ನಮ್ಮ ಚಿಕ್ಕವ್ವನ ಆಡು, ಸರ್.”

ನಕ್ಕವರೆಲ್ಲ ಹತ್ತಿರ ಬಂದರು. ಬಂದವರಿಗೆಲ್ಲ ನನ್ನ ಮಗಳು ಸಂಜೆಯವರೆಗೆ ಹೇಳಿದಳು, ಗಂಟಲು ಕೂರುವವರೆಗೆ. ನಾನು ಮೂಲೆಯಲ್ಲಿ ನಿಂತು ಕೈ ಮುಗಿದೆ.

ಮೊದಲ ಹೀರೇಕಾಯಿಯನ್ನು ಚಿಕ್ಕವ್ವನಿಗೇ ಕೊಟ್ಟೆ. ಅವಳು ಅಂಗಳದಲ್ಲಿ ಕುಳಿತು ಹೆರೆದು, ಸಿಪ್ಪೆಯನ್ನೆಲ್ಲ ಆಡಿನ ಮುಂದೆ ಸುರಿದಳು. “ತಗೋಬೇ, ನಿನ್ನ ಪಾಲು.”