ಹೊಳ್ಳಿ ನೋಡಿದ ದಾವಲ್ ಕಾಕಾ

ದಾವಲ್ ಕಾಕಾ ಟಿವಿಯ ದನಿ ಪೂರ್ತಿ ಅಡಗಿಸಿ ಧಾರಾವಾಹಿ ನೋಡುತ್ತಿದ್ದರು. ಮೂಡಲಗಿಯ ಅವರ ಬಟ್ಟೆ ಅಂಗಡಿಯ ಟಿವಿಯಲ್ಲಿ ಸೊಸೆಯಂದಿರು ಸದ್ದಿಲ್ಲದೆ ಅಳುತ್ತಿದ್ದರು, ಅತ್ತೆಯರು ಕಂಬದ ಮರೆಯಲ್ಲಿ ಕಿವಿಗೊಟ್ಟು ನಿಂತಿರುತ್ತಿದ್ದರು. ಕಾಕಾ ಬ್ಲೌಸ್ ಪೀಸು ಕತ್ತರಿಸುತ್ತ ನನ್ನನ್ನು ಕೇಳುತ್ತಿದ್ದರು: “ರೇಣು, ಇವರ ಮನ್ಯಾಗ ಒಂದ ದಿನರ ಹಾಲು ಉಕ್ಕಿದ್ದು ನೋಡಿಯೇನ? ಎಲ್ಲಾರೂ ಕದ್ದು ಕೇಳ್ಕೋತ ನಿಂತಾರ. ಒಲಿ ಮುಂದ ಯಾರ ಅದಾರ?”

ಆ ಅಂಗಡಿಯಲ್ಲೇ ಕೂತು ಅವರು ಕಾದಂಬರಿಗಳನ್ನು ಬರೆದರು. ಎಂ.ಎ. ಓದುವಾಗ ಅವನ್ನು ಬೆರಳಚ್ಚು ಮಾಡಿಕೊಟ್ಟವಳು ನಾನು. ಹುಟ್ಟುಹಬ್ಬದ ಬ್ಯಾನರಿನಲ್ಲಿ ಪುಢಾರಿಗಳೆಲ್ಲ ಫೋನನ್ನು ಕಿವಿಗಿಟ್ಟುಕೊಂಡೇ ಯಾಕೆ ನಗುತ್ತಾರೆ, ತಲೆಯಿಲ್ಲದ ಬೊಂಬೆಗೆ ತೊಡಿಸಿದ ಅಂಗಿಯೇ ಯಾಕೆ ಮೊದಲು ಮಾರಾಟವಾಗುತ್ತದೆ ಎಂಬಂಥ ಯೋಚನೆಗಳಲ್ಲೇ ಅವರ ಪುಟಗಳು ತುಂಬುತ್ತಿದ್ದವು.

“ಇದೆಲ್ಲಾ ಸಾಹಿತ್ಯ ಆಕ್ಕೈತೇನ್ರಿ ಕಾಕಾ?” ಎಂದು ಒಬ್ಬ ಗಿರಾಕಿ ಕೆಣಕಿದ.

“ನಿನ್ನಿ ಊಟಕ್ಕ ಕುಂತಾಗ ನಿಮ್ಮ ಮನ್ಯಾಗ ಏನ್ ಮಾತಾಡಿದ್ರಿ?”

“ಅದ... ಆ ಸೀರಿಯಲ್ ಸೊಸಿ ಸುದ್ದಿ.”

“ಆತಲ್ಲ ಮತ್ತ!”

ಕಳೆದ ಕಬ್ಬಿನ ಹಂಗಾಮಿನಲ್ಲಿ ಮಮದಾಪುರದ ಒಂದು ಮದುವೆಗೆ ಅವರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟಿದ್ದೆ. ಏರುರಸ್ತೆಯಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರ್ ನಿಂತಿತ್ತು. ಡ್ರೈವರ್ ಪಕ್ಕದ ಗೂಡಂಗಡಿಯಲ್ಲಿ ಚಹಾ ಕುಡಿಯುತ್ತಿದ್ದ. ಟ್ರ್ಯಾಕ್ಟರಿನ ಸ್ಪೀಕರುಗಳಿಂದ ಮಾತ್ರ ಹಾಡು ಎದೆಗೆ ಗುದ್ದುವಂತೆ ಬರುತ್ತಿತ್ತು. ಟ್ರೇಲರಿನ ಹಿಂದಿನ ಹಲಗೆಯ ಮೇಲೆ ಸಿನಿಮಾದ ನಾಯಕ, ನಾಯಕಿಯರ ಚಿತ್ರವಿತ್ತು.

“ನಿಲ್ಲಸ, ನಿಲ್ಲಸ! ಈ ಪೇಂಟರಗ ಒಂದ ಮಾರಿ ಬರ್ತೈತಿ ನೋಡ. ಇಬ್ಬರಿಗೂ ಅದನ್ನ ಹಚ್ಚ್ಯಾನ. ಮೀಸಿ ಅಷ್ಟ ಫರಕ. ಒಂದ ಫೋಟೋ ತಗಿ.”

ಚಿತ್ರಕ್ಕೆ ಬೆನ್ನು ಮಾಡಿ ನಿಂತರು. ನಾನು ಇಳಿಜಾರಿನಲ್ಲಿ ಬದಿಗೆ ಸರಿದು ಫೋನ್ ಹಿಡಿದೆ. ಪರದೆಯ ಮೇಲೆ ನಾಯಕಿಯ ಮುಖ ದೊಡ್ಡದಾಗತೊಡಗಿತು. ನನ್ನ ಬೆರಳು ತಾಗಿ ಹಾಗಾಯಿತೆಂದು ಭಾವಿಸಿದೆ. ಫೋನ್ ಕೆಳಗಿಳಿಸಿದರೂ ಆ ಮುಖ ದೊಡ್ಡದಾಗುತ್ತಲೇ ಇತ್ತು.

ಚೀರಿದೆ. ಹಾಡಿನಲ್ಲಿ ನನ್ನ ದನಿ ನನಗೇ ಕೇಳಲಿಲ್ಲ. ನಗಲು ಹೇಳುತ್ತಿದ್ದೇನೆಂದುಕೊಂಡು ಕಾಕಾ ಇನ್ನಷ್ಟು ಹಲ್ಲು ಬಿಟ್ಟರು.

ಡ್ರೈವರ್ ಚಹಾ ಎಸೆದು ಟ್ರ್ಯಾಕ್ಟರ್ ಏರಿದ. ಥಟ್ಟನೆ ಹಾಡು ನಿಂತಿತು. ಯಾಕೆ ನಿಂತಿತೆಂದು ಕಾಕಾ ತಿರುಗಿದರು. ನೋಡಿದರು. ಆ ವಯಸ್ಸಿನ ದೇಹ ಹಾಗೆ ಹಾರಬಲ್ಲದೆಂದು ನನಗೆ ಗೊತ್ತಿರಲಿಲ್ಲ. ಅವರು ಬದಿಯ ಹೊಲಕ್ಕೆ ಬಿದ್ದರು, ಟ್ರೇಲರ್ ಹಿಂದಕ್ಕೆ ಉರುಳುತ್ತ ಅವರು ನಿಂತಿದ್ದ ಜಾಗವನ್ನು ದಾಟಿ ಬಂದು ಬ್ರೇಕಿಗೆ ಕಿರುಚಿ ನಿಂತಿತು.

ಗಾಲಿಗೆ ಕಲ್ಲು ಕೊಡುವ ಬದಲು ಡ್ರೈವರ್ ಕೈಗೆ ಸಿಕ್ಕ ಕಬ್ಬಿನ ಜಲ್ಲೆಗಳನ್ನೇ ಒಟ್ಟಿ ಕೊಟ್ಟಿದ್ದ. ಅವು ಹಿಂಡಿಹೋಗಿ ರಸ್ತೆಯ ಮೇಲೆ ಕಬ್ಬಿನ ಹಾಲು ಹರಿದಿತ್ತು, ನೊಣ ಮುತ್ತಿದ್ದವು.

“ಹಾಡ ಬಂದ್ ಮಾಡೂದ ಬಿಟ್ಟ ಮೊದಲ ಬ್ರೇಕ್ ಒತ್ತಬಾರದೇನೊ?” ಎಂದು ನಾನು ಅವನ ಮೇಲೆ ಹರಿಹಾಯ್ದೆ.

“ಬ್ರೇಕ್ ಹತ್ತಾಕ ಹೊತ್ತು ಬೇಕ್ರಿ ಅಕ್ಕಾರ. ಹಾಡ ನಿಂತ್ರ ಯಾರರ ಹೊಳ್ಳಿ ನೋಡ್ತಾರ್ರಿ,” ಎಂದ.

ಈಗಲೂ ಕಣ್ಣು ಮುಚ್ಚಿದರೆ ಆ ಮುಖ ದೊಡ್ಡದಾಗುತ್ತ ಬರುತ್ತದೆ. ಪ್ರತಿ ಸಲವೂ ಹಾಡು ನಿಲ್ಲುವವರೆಗೆ ನಾನು ಉಸಿರು ಬಿಡುವುದಿಲ್ಲ.

ಮೊನ್ನೆ ಅಂಗಡಿಯಲ್ಲಿ ಭೇಟಿಯಾದಾಗ ಕಾಕಾ ಹೇಳಿದರು, “ಸಿನಿಮಾದಾಗ ಹಿಂದ ಜೀಪ್ ಸುಟ್ಟ ಹಾರಿದ್ರೂ ಹೀರೋ ಹೊಳ್ಳಿ ನೋಡೂದುಲ್ಲ. ಅವಂದು ಅವಗ ಇರ್ಲಿ. ನಾ ಹೊಳ್ಳಿ ನೋಡಿದ್ನಿ.”

ಇಬ್ಬರೂ ನಕ್ಕೆವು, ಕಣ್ಣಲ್ಲಿ ನೀರು ಬರುವಷ್ಟು. ಚಹಾ ಕುಡಿಯಲು ಎದುರಿನ ಹೋಟೆಲಿಗೆ ಹೋಗಬೇಕಿತ್ತು. ರಸ್ತೆ ಖಾಲಿಯಿತ್ತು. ಆದರೂ ಕಾಕಾ ನನ್ನ ಮೊಳಕೈ ಹಿಡಿದು ಅಂಚಿನಲ್ಲಿ ನಿಂತರು. ನಾನೂ ಅವಸರ ಮಾಡಲಿಲ್ಲ.