ಹಾರ ಹಾಕಿದ ಗುಂಪುಚಿತ್ರ

ಗುಂಪಾಗಿ ತೆಗೆಸಿಕೊಂಡ ಫೋಟೋ ಕೈಗೆ ಬಂದ ಕೂಡಲೇ ಮನುಷ್ಯ ಮೊದಲು ಹುಡುಕುವುದು ತನ್ನ ಮುಖವನ್ನೇ. ಕಣ್ಣು ಮುಚ್ಚಿಲ್ಲ, ಅಂಗಿಯ ಗುಂಡಿ ಹಾಕಿದೆ, ಕೂದಲು ಇದ್ದಷ್ಟಾದರೂ ಕಾಣುತ್ತಿದೆ ಎಂದು ಖಾತ್ರಿಯಾದ ಮೇಲಷ್ಟೇ ಉಳಿದವರ ಯೋಗಕ್ಷೇಮ. ನಾನೂ ಇದಕ್ಕೆ ಹೊರತಲ್ಲ. ಬೆಳಗ್ಗೆ ಎದ್ದು ಹಾಸಿಗೆ ಮಡಚಿ, ಗಡ್ಡ ಹೆರೆದು, ಗೋಡೆಯ ಚಿತ್ರಗಳ ಗಾಜನ್ನು ಒದ್ದೆ ಬಟ್ಟೆಯಿಂದ ಒರೆಸುವುದು ನನ್ನ ಹಳೆಯ ಶಿಸ್ತು. ಮರಳುಗಾಡಿನ ಊರಿನಲ್ಲಿ ಧೂಳಿನೊಡನೆ ಇಂಥದೊಂದು ದೈನಂದಿನ ಒಪ್ಪಂದವಿಲ್ಲದೆ ಬಾಳುವುದು ಕಷ್ಟ. ಹಾಗೆ ಒರೆಸುವಾಗ ನನ್ನ ಮುಖಕ್ಕೆ ಬಟ್ಟೆಯ ಒಂದು ಸುತ್ತು ಹೆಚ್ಚು ಸಲ್ಲುತ್ತಿತ್ತು ಎಂಬುದನ್ನು, ಓದುಗರೇ, ನಿಮ್ಮಲ್ಲಿ ಬಚ್ಚಿಡುವುದಿಲ್ಲ.

ಕುವೈತಿನ ಜಾಬ್ರಿಯಾದ ನಮ್ಮ ಕಟ್ಟಡದ ತಾರಸಿಯಲ್ಲಿ, ಒಂದು ಶುಕ್ರವಾರದ ಊಟವಾದ ಮೇಲೆ ತೆಗೆದ ಚಿತ್ರ ಅದು. ಒಂದೇ ಫ್ಲ್ಯಾಟಿನಲ್ಲಿದ್ದ ನಾವು ನಾಲ್ವರು ಅದರಲ್ಲಿದ್ದೆವು. ಕಚೇರಿಯೊಂದರ ಹೆಡ್ ಕ್ಲಾರ್ಕ್ ನಾನು, ಉಳಿದವರ ಬಾಯಲ್ಲಿ ಶೆಟ್ರು. ಕಟ್ಟಡದ ಕೆಳಗೇ ಬಕಾಲ, ಅಂದರೆ ದಿನಸಿ ಅಂಗಡಿ, ನಡೆಸುತ್ತಿದ್ದ ಉಳ್ಳಾಲದ ಹಸನಬ್ಬ. ಊರಿನ ಹಂಚಿನ ಕಾರ್ಖಾನೆಯಲ್ಲಿ ಯೂನಿಯನ್ ಕಟ್ಟಿ, ಕೆಲಸ ಕಳೆದುಕೊಂಡು, ಇಲ್ಲಿ ಹೋಟೆಲೊಂದರ ಕೌಂಟರಿನಲ್ಲಿ ಕೂತಿದ್ದ ಸದಾನಂದ. ಆಸ್ಪತ್ರೆಯ ಲ್ಯಾಬಿನಲ್ಲಿ ದುಡಿಯುತ್ತಿದ್ದ ಕೇಶವ. ಇಷ್ಟಲ್ಲದೆ ಅಂಚಿನಲ್ಲಿ, ನನ್ನ ಹೆಗಲ ಮೇಲೆ ಕೈಯಿಟ್ಟು, ಕಟ್ಟಡದ ಮಾಲೀಕ ಅಬು ಯೂಸುಫ್ ನಿಂತಿದ್ದ. ಡ್ಯೂಟಿಗೆ ಹೊರಟವನು ನಮ್ಮ ಒತ್ತಾಯಕ್ಕೆ ಮೇಲೆ ಹತ್ತಿ ಬಂದಿದ್ದರಿಂದ ಕುವೈತಿ ಸೈನ್ಯದ ಸಮವಸ್ತ್ರದಲ್ಲಿದ್ದ.

ತೊಂಬತ್ತರ ಆಗಸ್ಟಿನಲ್ಲಿ ಇರಾಕಿ ಟ್ಯಾಂಕುಗಳು ಬಂದವು. ಕೇಶವ ಸಿಕ್ಕಿದ ಬಸ್ಸು ಹತ್ತಿ ಜೋರ್ಡಾನಿನ ದಾರಿಯಾಗಿ ಊರು ಸೇರಿಕೊಂಡ. ಹಸನಬ್ಬ ಅಂಗಡಿ ಬಿಟ್ಟು ಬರಲಾರೆನೆಂದ. ಸದಾನಂದನ ಪಾಸ್‌ಪೋರ್ಟು ಅವನ ಕಫೀಲನ, ಅಂದರೆ ವೀಸಾ ಕೊಡಿಸಿದ ಧಣಿಯ, ಕಪಾಟಿನಲ್ಲಿತ್ತು, ಆ ಕಫೀಲ ಎಲ್ಲಿದ್ದಾನೆಂದು ಯಾರಿಗೂ ಗೊತ್ತಿರಲಿಲ್ಲ. ನಾನು ಉಳಿದದ್ದೇಕೆಂದು ಕೇಳಿದರೆ, ಬಸ್ಸಿನಲ್ಲಿ ಗಡ್ಡ ಹೆರೆಯಲು ಆಗುವುದಿಲ್ಲವೆಂಬುದಕ್ಕಿಂತ ಘನವಾದ ಕಾರಣ ಈಗಲೂ ಹೊಳೆಯುತ್ತಿಲ್ಲ.

ಜಾಬ್ರಿಯಾ ವಿಚಿತ್ರವಾಗಿ ಮೌನವಾಯಿತು. ಹುಡುಕಿ ಬರುವ ಸೈನಿಕರಿಗೆ ಮನೆ ಸಿಗಬಾರದೆಂದು ಊರಿನವರೇ ಬೀದಿಯ ಹೆಸರುಗಳನ್ನೂ ಮನೆಯ ನಂಬರುಗಳನ್ನೂ ಕಿತ್ತುಹಾಕಿದ್ದರು. ವರ್ಷಗಟ್ಟಲೆ ನಡೆದ ಬೀದಿಯಲ್ಲಿ ನಾನೇ ಪರಕೀಯನಂತೆ ತಡವರಿಸುತ್ತಿದ್ದೆ. ಒಂದೂ ವಾಹನವಿಲ್ಲದ ರಸ್ತೆಯಲ್ಲಿ ಸಿಗ್ನಲ್ ದೀಪ ಕೆಂಪಾಗಿ, ಹಸಿರಾಗಿ, ಮತ್ತೆ ಕೆಂಪಾಗುತ್ತಿತ್ತು; ಶಿಸ್ತಿನ ಮನುಷ್ಯನಾದ ನಾನು ಹಸಿರಾಗುವ ತನಕ ನಿಂತೇ ದಾಟುತ್ತಿದ್ದೆ. ನಮ್ಮ ಮೇಲಿನ ಫ್ಲ್ಯಾಟಿನವರು ಬೀಗ ಜಡಿದು ಹೋಗಿದ್ದರು. ಒಳಗೆ ಅವರ ಫೋನು ಮಾತ್ರ ದಿನವೂ ರಿಂಗಾಗುತ್ತಿತ್ತು, ಯಾರೋ ಎತ್ತಬಹುದೆಂದು ಕಾಯುವಷ್ಟು ಹೊತ್ತು.

ಅಬು ಯೂಸುಫ್ ಹಸನಬ್ಬನ ಗೋಡೌನಿನಲ್ಲಿ, ಅಕ್ಕಿಮೂಟೆಗಳ ಹಿಂದೆ ಅಡಗಿದ್ದ. ಸೈನ್ಯದಲ್ಲಿದ್ದವರನ್ನು ಹುಡುಕಿ ಒಯ್ಯುತ್ತಿದ್ದರು. ಒಯ್ದವರು ಮರಳಿದ ಸುದ್ದಿ ನಮ್ಮ ಬೀದಿಗೆ ಬಂದಿರಲಿಲ್ಲ.

ಕರ್ಫ್ಯೂವಿನ ಸಂಜೆಗಳನ್ನು ಕಳೆಯಲು ಸದಾನಂದ ನಮಗೆ ರಷ್ಯದ ಕ್ರಾಂತಿಯ ಕಥೆ ಹೇಳತೊಡಗಿದ. ಆ ಹೆಸರುಗಳು ಹಸನಬ್ಬನ ನಾಲಗೆಗೆ ಹೊರಳುತ್ತಿರಲಿಲ್ಲವಾದ್ದರಿಂದ ಅವನೇ ಹೊಸದಾಗಿ ನಾಮಕರಣ ಮಾಡಿದ: ಕ್ರಾಂತಿ ಮಾಡಿಸಿದ ಮುಖಂಡ 'ಹಿರಿಯ', ಕೆಂಪು ಸೈನ್ಯ ಕಟ್ಟಿದ ಮಹಾ ವಾಗ್ಮಿ 'ಭಾಷಣದವ', ಯಾರಿಗೂ ಬೇಡವಾದ ಕಾರ್ಯದರ್ಶಿಯ ಕೆಲಸವನ್ನು ತಾನಾಗಿ ಹೊತ್ತು ಯಾರು ಎಲ್ಲಿ ಕೂರಬೇಕೆಂದು ಗೊತ್ತುಮಾಡುತ್ತಿದ್ದವನು 'ಬೀಗದವ'. ಹಿರಿಯ ತೀರಿಕೊಂಡಾಗ ಭಾಷಣದವ ಕಾಯಿಲೆಯ ಆರೈಕೆಗೆಂದು ದಕ್ಷಿಣಕ್ಕೆ ಹೋಗಿದ್ದನಂತೆ, ಅಂತ್ಯಕ್ರಿಯೆಗೆ ಬರಲಿಲ್ಲವಂತೆ.

"ಅಷ್ಟು ದೊಡ್ಡ ಸೈನ್ಯ ಕಟ್ಟಿದವ, ಒಂದು ಮಯ್ಯತ್ತಿಗೆ ಬರ್ಲಿಕ್ಕೆ ಆಗ್ಲಿಲ್ವಾ ಮಾರಾಯ್ರೆ? ಅಲ್ಲಿಗೇ ಖಲಾಸ್," ಎಂದ ಹಸನಬ್ಬ.

ಖಲಾಸೇ ಆಯಿತು. ಬೀಗದವನೂ ಇನ್ನಿಬ್ಬರೂ ಸೇರಿ ಭಾಷಣದವನನ್ನು ಮೂಲೆಗೊತ್ತಿದರು. ಆಮೇಲೆ ಬೀಗದವ ಆ ಇಬ್ಬರನ್ನೂ ಮುಗಿಸಿದ. ಪ್ರತಿ ಸಲವೂ ಉಳಿದವರು ಕೈಯೆತ್ತಿ ಸಮ್ಮತಿಸಿದರು. ಕೊನೆಗೆ ಹಳೆಯ ಗುಂಪುಚಿತ್ರಗಳಿಂದಲೂ ಆ ಮುಖಗಳನ್ನು ಅಳಿಸಿದರಂತೆ. ಮನುಷ್ಯ ನಿಂತಿದ್ದ ಕಡೆ ಬರಿಯ ಮೆಟ್ಟಿಲು, ಬರಿಯ ಹಲಗೆ. ಅದನ್ನು ಕೇಳುತ್ತಿದ್ದಂತೆ ನಾವು ಮೂವರೂ ಗೋಡೆಯ ಕಡೆ ತಿರುಗಿದೆವು. ಸಮವಸ್ತ್ರದ ಅಬು ಯೂಸುಫ್ ಗಾಜಿನೊಳಗಿಂದ ನಗುತ್ತಿದ್ದ.

ಚಿತ್ರವನ್ನೇ ತೆಗೆದುಬಿಡಬಹುದಿತ್ತಲ್ಲ ಎನ್ನುತ್ತೀರಿ. ತೆಗೆದರೆ ಗೋಡೆಯಲ್ಲಿ ಬೆಳ್ಳನೆಯ ಚೌಕ ಉಳಿಯುತ್ತದೆ. ಅಂಥ ಚೌಕ ಕಂಡಲ್ಲೆಲ್ಲ ಇಲ್ಲಿ ಯಾರ ಚಿತ್ರವಿತ್ತೆಂದು ಸೈನಿಕರು ಕೇಳುತ್ತಾರೆಂಬ ಸುದ್ದಿ ಸಲ್ವಾ ಬಡಾವಣೆಯಿಂದ ಬಂದಿತ್ತು. ಮರುದಿನ ಬೆಳಗ್ಗೆ, ಎದುರಿನ ಕಟ್ಟಡದಲ್ಲಿ ಬಾಗಿಲು ಬಡಿಯುವುದು ಕೇಳಿಸಿದಾಗ, ಚೌಕಟ್ಟು ಬಿಚ್ಚಿ ಕತ್ತರಿ ಹಿಡಿದವನು ನಾನು. ಅಂಚಿನ ಮನುಷ್ಯನನ್ನು ಕತ್ತರಿಸುವುದು ಸುಲಭ. ಸಾಧ್ಯವಾಗದೆ ಹೋದದ್ದು ನನ್ನ ಹೆಗಲ ಮೇಲಿದ್ದ ಅವನ ಕೈ. ಅದನ್ನು ತೆಗೆಯಹೋದರೆ ನನ್ನ ಕೊರಳೇ ಹೋಗುತ್ತಿತ್ತು. ಹಸನಬ್ಬ ತುಂಡನ್ನು ಒಲೆಗೆ ಹಾಕಿದ. ಆ ಒಂಟಿ ಕೈಯೂ ಪಕ್ಕದ ಖಾಲಿ ರಟ್ಟೂ ಕಾಣದಂತೆ ಮಾಡಲು ನಾಸ್ತಿಕ ಸದಾನಂದ ನನ್ನ ಗಣಪತಿಯ ಕೊರಳಿನಿಂದ ಗಂಧದ ಚಕ್ಕೆಯ ಹಾರ ತೆಗೆದು ಚೌಕಟ್ಟಿಗೆ ತೊಡಿಸಿದ. ನೇರವಾಗಿದೆಯೇ ಎಂದು ನೋಡಲು ಹಿಂದೆ ಸರಿದು ನಿಂತಾಗಲೇ ನನಗೆ ಹೊಳೆದದ್ದು, ನಮ್ಮಲ್ಲಿ ಮನುಷ್ಯರ ಚಿತ್ರಕ್ಕೆ ಹಾರ ಹಾಕುವುದು ಯಾವಾಗ ಎಂದು. ನಾಲ್ಕು ಮುಖಗಳು ಹಾರದೊಳಗಿಂದ ನಮ್ಮನ್ನು ನೋಡುತ್ತಿದ್ದವು. ಅದನ್ನು ತೆಗೆಯುವಷ್ಟರಲ್ಲಿ ನಮ್ಮ ಬಾಗಿಲು ಬಡಿಯಿತು.

ಎಳೆಯ ಇರಾಕಿ ಸೈನಿಕರಿಬ್ಬರು ಒಳಕೋಣೆಗಳಿಗೆ ನುಗ್ಗಿದರು. ಅವರ ಹಿರಿಯ, ನನ್ನಷ್ಟೇ ನರೆತ ಸೈನಿಕ, ಚಿತ್ರದ ಮುಂದೆ ನಿಂತ. ಹಿಂದಿ ಸಿನಿಮಾ ಬಹಳ ನೋಡಿದ್ದೇನೆ, ಹಾರವೆಂದರೆ ಸತ್ತವರಿಗೆ ತಾನೆ ಎಂದು ಅರಬ್ಬಿಯಲ್ಲಿ ಮೆಲ್ಲಗೆ ಕೇಳಿದ. ಚಿತ್ರವನ್ನೂ ನಮ್ಮನ್ನೂ ಒಬ್ಬೊಬ್ಬರಾಗಿ ಹೋಲಿಸಿ ನೋಡಿದ. ಮೂವರು ಇಲ್ಲೇ ಇದ್ದೀರಿ, ಹಾಗಾದರೆ ಸತ್ತವನು ಯಾರು ಎಂದು ಹಾರದ ಕಡೆ ಕೈ ಚಾಚಿದ. ಹಾರ ಎರಡು ಬೆರಳಿನಷ್ಟು ಸರಿದಿದ್ದರೆ ಸಮವಸ್ತ್ರದ ತೋಳಿನ ಅಂಚು ಕಾಣುತ್ತಿತ್ತು. ತೋಳು ಕಂಡರೆ ಅದರ ಒಡೆಯನಿಗಾಗಿ ಕೆಳಗಿನ ಮೂಟೆಗಳು ಒಂದೊಂದಾಗಿ ಉರುಳುತ್ತಿದ್ದವು.

ನಾವು ಪರಸ್ಪರ ಮುಖ ನೋಡಿಕೊಳ್ಳಲಿಲ್ಲ. ಮೂರು ಬೆರಳುಗಳು ಒಟ್ಟಿಗೆ ಎದ್ದವು, ಒಟ್ಟಿಗೆ ಕೇಶವನ ಮುಖದ ಮೇಲೆ ನಿಂತವು.

ಹೇಗೆ ಸತ್ತನೆಂದು ಕೇಳಿದ್ದಕ್ಕೆ ಉತ್ತರಿಸಿದವನು ನಾನೇ. ಸಾಯಿಸುವುದನ್ನೂ ಅಚ್ಚುಕಟ್ಟಾಗಿ ಮಾಡಿದೆ: ಹೃದಯಾಘಾತ, ಮುಂಜಾನೆ, ಚಹಾ ಕುಡಿಯುವ ಮೊದಲು. ಆ ಸೈನಿಕ ಎರಡು ಮಾತು ಪ್ರಾರ್ಥನೆ ಗೊಣಗಿ, ಓರೆಯಾಗಿದ್ದ ಹಾರವನ್ನು ತಾನೇ ಸರಿಮಾಡಿ, ಎಳೆಯರಿಗೆ "ಯಲ್ಲಾ" ಎಂದು ಹೊರಟ. ಮೆಟ್ಟಿಲಿನಲ್ಲಿ ಬೂಟಿನ ಸದ್ದು ಗೋಡೌನನ್ನು ದಾಟಿ ಬೀದಿಗಿಳಿಯಿತು.

ಬಾಗಿಲಿಗೆ ಅಗುಳಿ ಹಾಕುತ್ತ ಹಸನಬ್ಬ, "ಅವ ಇಲ್ಲಿ ಇಲ್ಲ ಅಲ್ವಾ ಶೆಟ್ರೇ, ಅದಕ್ಕೆ," ಎಂದ. ಅವನನ್ನು ಯಾರೂ ಏನೂ ಕೇಳಿರಲಿಲ್ಲ. ಮೇಲಿನ ಫ್ಲ್ಯಾಟಿನಲ್ಲಿ ಫೋನು ರಿಂಗಾಗತೊಡಗಿತು. ಆ ಸಂಜೆ ಸದಾನಂದ ಕಥೆ ಹೇಳಲಿಲ್ಲ.

ಅಬು ಯೂಸುಫ್ ಬದುಕಿ ಉಳಿದ. ಯುದ್ಧ ಮುಗಿದು, ಇರಾಕಿಗಳು ಬೆಂಕಿ ಹಚ್ಚಿಹೋದ ಎಣ್ಣೆಬಾವಿಗಳ ಹೊಗೆ ನಡುಮಧ್ಯಾಹ್ನಕ್ಕೇ ಕತ್ತಲು ಕವಿಸುತ್ತಿದ್ದ ದಿನಗಳಲ್ಲಿ ಕೇಶವನೂ ಕೆಲಸಕ್ಕೆ ಮರಳಿದ. ಊಟದ ಹೊತ್ತು ದೀಪ ಹಚ್ಚಿಕೊಂಡು, ಅವನನ್ನು ಸಾಯಿಸಿದ ಬಗೆಯನ್ನು ಅವನಿಗೇ ಹೇಳಿದೆವು. ಚಹಾದ ಮಾತಿಗೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಒಳ್ಳೆಯದಾಯಿತು, ಒಂದು ಜೀವ ಉಳಿಯಿತಲ್ಲ ಎಂದ, ಮನಸ್ಸಿನಿಂದಲೇ ಅಂದ. ಆಮೇಲೆ ತುತ್ತು ಕಲಸುತ್ತ, ಸುಮ್ಮನೆ ತಿಳಿದುಕೊಳ್ಳಲೆಂಬಂತೆ ಕೇಳಿದ:

"ನಾನೂ ಹೋಗದೆ ಇಲ್ಲೇ ನಿಂತಿದ್ರೆ ಯಾರನ್ನು ತೋರಿಸ್ತಿದ್ರಿ?"

ಸದಾನಂದನೂ ಹಸನಬ್ಬನೂ ತಟ್ಟೆಯಿಂದ ತಲೆಯೆತ್ತಿ ನನ್ನ ಕಡೆ ನೋಡಿದರು. ವಯಸ್ಸಿನಲ್ಲಿ ಹಿರಿಯನಲ್ಲವೇ, ಉತ್ತರ ನನ್ನಿಂದಲೇ ಬರಲೆಂದು ಕಾಯುತ್ತಿದ್ದಾರೆ ಎಂದುಕೊಂಡೆ. ಈಗಲೂ ಹಾಗೆಯೇ ಅಂದುಕೊಂಡಿದ್ದೇನೆ.