ಹಿಂದೆ ನಿಂತವರ ಮುಖ

ಕಡಬದ ಮದುವೆಮನೆ. ಚಪ್ಪರದೊಳಗೆ ಇನ್ನೂ ನಸುಗತ್ತಲು, ಆರೂವರೆಗೆ ಮುಹೂರ್ತ. ಫೋಟೋಗ್ರಾಫರ್ ಪ್ರೇಮಲತಾ ಸೆರಗನ್ನು ಸೊಂಟಕ್ಕೆ ಬಿಗಿದು, ಹಸೆಮಣೆಯಿಂದ ಹಿಂದಕ್ಕೆ ಹೆಜ್ಜೆ ಅಳೆಯುತ್ತಿದ್ದಾರೆ. ನಾಲ್ಕು. ಇನ್ನರ್ಧ. ಧಾರೆ ಎರೆಯುವವರ ಕೈಯಷ್ಟೇ ಅಲ್ಲ, ಮುಖವೂ ಬರಬೇಕು.

"ಏನಮ್ಮ, ಈ ಸಲನೂ ಫೋಟೋದಲ್ಲಿ ನಮ್ಮಮ್ಮನ್ನ ಹೊಗೆ ಮಾಡ್ತೀಯೇನು?" ಮದುಮಗಳ ತಂದೆ ಸದಾಶಿವಯ್ಯ ಚುಚ್ಚುತ್ತಾರೆ.

"ಈ ಸಲ ಅಜ್ಜಿ ಮೂಗುತಿ ಹರಳೂ ಎಣಿಸ್ಕೋಬೋದು ಬುಡಿ ಅಣ್ಣ."

ಗುಬ್ಬಿ ಬಸ್ ನಿಲ್ದಾಣದ ಎದುರಿನ ಪುಟ್ಟ ಸ್ಟುಡಿಯೋ ಇವರದು. ೧೯೯೩ರಲ್ಲಿ ತಂದೆ ಬೆಟ್ಟಸ್ವಾಮಿಗೆ ಲಕ್ವ ಹೊಡೆದಾಗ, ಇಪ್ಪತ್ತೆರಡರ ಮಗಳು ಕ್ಯಾಮೆರಾ ಎತ್ತಿಕೊಂಡರು. "ಕ್ಯಾಮ್ರಾ ನನ್ ಕೊರಳಲ್ಲೇ ಇರೋದು. ಆದ್ರೂ, 'ಫೋಟೋದವ್ರು ಎಲ್ಲವ್ರಮ್ಮ?' ಅಂತ ನನ್ನೇ ಕೇಳೋರು," ಎಂದು ನಗುತ್ತಾರೆ. ಈಗ ೨೦೦೪, ಕ್ಯಾಮೆರಾ ಹಿಡಿದು ಹನ್ನೊಂದು ವರ್ಷ. ಮದುವೆಗೆ ಆರು ರೋಲು, ರೋಲಿಗೆ ಮೂವತ್ತಾರು ಚಿತ್ರ. ತುಮಕೂರಿಗೆ ಹೋಗಿ ತೊಳೆಸುವವರೆಗೆ ಯಾವುದು ಬಂದಿದೆ, ಯಾವುದು ಹೋಗಿದೆ ತಿಳಿಯದು.

ಮೂರು ವರ್ಷದ ಹಿಂದೆ ಇದೇ ಮನೆಯ ದೊಡ್ಡ ಮಗಳ ಮದುವೆಗೆ ಹೊಸ ಲೆನ್ಸ್ ತಂದಿದ್ದರು. ಅದರ ಬಾಯಿ ಪೂರ್ತಿ ತೆರೆದರೆ ಮದುಮಗಳ ರೆಪ್ಪೆಗೂದಲು ಒಂದೊಂದೂ ಸ್ಪಷ್ಟ, ಹಿಂದಿನದೆಲ್ಲ ಮಬ್ಬು. ಆ ಚಂದಕ್ಕೆ ಸೋತು ಧಾರೆಯನ್ನೂ ಹಾಗೇ ತೆಗೆದರು. ಆಲ್ಬಮ್ ಬಂದಾಗ ಅಜ್ಜಿ ದೊಡ್ಡಗಂಗಮ್ಮ ಪುಟದ ಮೇಲೆ ಬೆರಳಿಟ್ಟರು: "ಹಾಲು ಹುಯ್ದೋಳು ನಾನು ಕಣವ್ವ. ನನ್ ಮಕ ಎಲ್ಲೈತೆ?"

"ಅವತ್ತು ಊಟ ಸೇರ್ಲಿಲ್ಲ," ಎನ್ನುತ್ತಾರೆ ಪ್ರೇಮಲತಾ. "ಮೂರು ದಿನದ ಮದ್ವೇಲಿ ಅಜ್ಜಿ ಅಡುಗೆಮನೆಯಿಂದ ಈಚೆಗೆ ಬಂದಿದ್ದು ಅದೊಂದೇ ಗಳಿಗೆ. ಅದನ್ನೂ ನಾನು ಅಳಿಸ್ಬುಟ್ಟಿದ್ದೆ."

ಕಿರಿಮಗಳು ತನುಶ್ರೀಯ ಮದುವೆಗೆ ಬೇರೆಯವರನ್ನು ಕರೆಸಲು ಸದಾಶಿವಯ್ಯ ಹೊರಟಿದ್ದರು. ತಡೆದದ್ದು ಅಜ್ಜಿಯೇ. "ತಪ್ಪು ಮಾಡಿರೋಳಿಗೇ ನನ್ ಮಕ ನೆಪ್ಪಿರ್ತದೆ. ಅವಳ್ನೇ ಕರಿ."

ತನುಶ್ರೀ ಒಬ್ಬಳೇ ಕೂತಾಗ ಪ್ರೇಮಲತಾ ಇಂದೂ ಹಿಂದಿನದನ್ನು ಮಬ್ಬಾಗಿಸುತ್ತಾರೆ. "ಮಬ್ಬು ಚಂದವೇ. ಯಾರನ್ನ ಮಬ್ಬು ಮಾಡ್ತಿದೀನಿ ಅಂತ ನೋಡ್ಕೋಬೇಕು, ಅಷ್ಟೇ." ಧಾರೆಯ ಹೊತ್ತಿಗೆ, ಹಿಂದಿನವರೂ ಸ್ಪಷ್ಟವಾಗಿ ಬರಲೆಂದು ಲೆನ್ಸಿನ ಬಾಯಿ ಕಿರಿದಾಗುತ್ತದೆ, ಫ್ಲ್ಯಾಶ್ ಮೇಲೇರುತ್ತದೆ. ದೊಡ್ಡಗಂಗಮ್ಮನ ಕೈಯಲ್ಲಿ ಹಾಲಿನ ಗಿಂಡಿ. ಗಂಡಿನ ಕಡೆಯವರೊಬ್ಬರು ಅಡ್ಡ ಬರುತ್ತಾರೆ.

"ಸ್ವಲ್ಪ ಸರೀರಿ ಯಜಮಾನ್ರೇ. ಅಜ್ಜಿ, ಇನ್ನೊಂಚೂರು ಎರೀರಿ. ಮೂರು ತೆಗೀತೀನಿ."

ಪುರೋಹಿತರು ಗೊಣಗುತ್ತಾರೆ. ಪ್ರೇಮಲತಾ ಮೂರೂ ತೆಗೆದೇ ಕ್ಯಾಮೆರಾ ಇಳಿಸುತ್ತಾರೆ.

ಐದನೇ ದಿನ ಅದೇ ಮನೆಯ ಪಡಸಾಲೆ, ಪ್ರೇಮಲತಾ ಚಿತ್ರಗಳನ್ನು ತೊಳೆಸಿ ತಂದಿದ್ದಾರೆ. ಅಜ್ಜಿ ಧಾರೆಯ ಚಿತ್ರವನ್ನು ಬೆಳಕಿಗೆ ಹಿಡಿಯುತ್ತಾರೆ. ಹಾಲಿನ ಧಾರೆ, ಮೊಮ್ಮಗಳು, ಹಿಂದೆ ತಾನು. ಕೆನ್ನೆಯ ಗೆರೆಯೂ ಸ್ಪಷ್ಟ.

"ಹಲ್ಲಿಲ್ದಿರೋದೂ ಬಂದೈತಲ್ಲೇ."

"ನಕ್ಕಿದ್ರಿ ಅಜ್ಜಿ, ಅದಕ್ಕೆ."

ಅಜ್ಜಿ ಚಿತ್ರವನ್ನು ಆಲ್ಬಮ್ಮಿಗೆ ಕೊಡುವುದಿಲ್ಲ, ಮಡಿಲಲ್ಲೇ ಇಟ್ಟುಕೊಳ್ಳುತ್ತಾರೆ. ಪ್ರೇಮಲತಾ ಬ್ಯಾಗು ಹೆಗಲಿಗೇರಿಸುತ್ತಾರೆ.

"ನಾಳೆ ಕುಣಿಗಲ್ಲಲ್ಲಿ ಮದ್ವೆ. ಬೇಗ ಹೋಗ್ಬೇಕು. ಆ ಮನೇಲಿ ಯಾರು ಹಿಂದೆ ನಿಲ್ತಾರೋ ಮೊದ್ಲು ನೋಡ್ಕೋಬೇಕು."